ಕಂಪ್ಯೂಟರಿಗೆ ಹೊಲಿದ ಗವಸು

ಚನ್ನಗಿರಿಯ ಬುಡನ್‌ಸಾಬ್‌ರ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಬಾಗಿಲ ಎಡಕ್ಕೆ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳು, ತಾಮ್ರದ ತಂತಿಯ ಸುರುಳಿ, ವಾರ್ನಿಷ್ ವಾಸನೆ. ಬಲಕ್ಕೆ, ಊಟಕ್ಕೆ ಕೂರುವ ಮಣೆಯ ಮೇಲೆ, ಪೆಟ್ಟಿಗೆಯೇ ಇಲ್ಲದ ಒಂದು ಕಂಪ್ಯೂಟರ್. ಮದರ್‌ಬೋರ್ಡ್ ಬರಿಮೈಯಲ್ಲಿ ಮಲಗಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಅದರ ಮುಂದೆ ಕಾಲು ಮಡಚಿ ಕೂತವಳು ಬುಡನ್‌ಸಾಬ್‌ರ ಹಿರಿಮಗಳು ನುಜಹತ್.

ಊರವರ ಪಾಲಿಗೆ ಆಕೆ ಕಂಪ್ಯೂಟರ್ ರಿಪೇರಿಯವಳು. ಹೊನ್ನಾಳಿಯ ಫ್ಲೆಕ್ಸ್ ಅಂಗಡಿ, ನ್ಯಾಮತಿಯ ಝೆರಾಕ್ಸ್ ಅಂಗಡಿಗಳ ಯಂತ್ರಗಳು ಬಸ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಅವಳಲ್ಲಿಗೆ ಬರುತ್ತವೆ, ಹಾಗೆಯೇ ಕೂತು ವಾಪಸು ಹೋಗುತ್ತವೆ.

ಅವಳ ಇನ್ನೊಂದು ಕೆಲಸ ಹೆಚ್ಚಿನವರಿಗೆ ಗೊತ್ತಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದಾಗ, ಪರದೆ ಬೆಳಗುವುದಕ್ಕೂ ಮೊದಲು, ಮದರ್‌ಬೋರ್ಡಿನೊಳಗೆ ಒಂದು ಚಿಕ್ಕ ಬರಹ ಎಚ್ಚರಗೊಳ್ಳುತ್ತದೆ. ಪ್ರೊಸೆಸರಿಗೆ ಇಷ್ಟು ವೋಲ್ಟೇಜ್, ಮೆಮೊರಿಗೆ ಇಷ್ಟು ಎಂದು ಹಂಚುವುದು ಅದೇ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಬೋರ್ಡ್ ತಯಾರಿಸುವ ದೂರದೇಶದ ಕಂಪನಿಯೊಂದು ಹೊಸ ಫರ್ಮ್‌ವೇರನ್ನು ಎಲ್ಲರಿಗೂ ಬಿಡುವ ಮೊದಲು ನಲವತ್ತು ಜನರಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತದೆ. ಆ ನಲವತ್ತರಲ್ಲಿ ನುಜಹತ್ ಒಬ್ಬಳು.

ಆಕೆ ಆ ಗುಂಪಿಗೆ ಸೇರಿದ್ದು ವೋಲ್ಟೇಜ್ ಅಳೆಯುವ ಅಪ್ಪನ ಮೀಟರಿನಿಂದ. ನಾಲ್ಕು ವರ್ಷದ ಹಿಂದೆ ಒಂದು ಬೋರ್ಡಿನಲ್ಲಿ ಪ್ರೊಸೆಸರ್ ಸುಮ್ಮಸುಮ್ಮನೆ ಬಿಸಿಯಾಗುತ್ತಿತ್ತು. ಪರದೆ ತೋರಿಸುತ್ತಿದ್ದ ವೋಲ್ಟೇಜ್ ಸರಿಯಾಗಿಯೇ ಇತ್ತು. ನಂಬಿಕೆ ಬಾರದೆ ಅವಳು ಮೀಟರಿನ ಕಡ್ಡಿ ಇಟ್ಟು ನೋಡಿದಳು. ಮೀಟರ್ ಬೇರೆಯೇ ಹೇಳಿತು. ಫೋಟೊ ತೆಗೆದು ಕಂಪನಿಗೆ ಬರೆದಳು. ವಾರದ ಮೇಲೆ ಉತ್ತರ ಬಂತು: ನೀವು ಹೇಳಿದ್ದು ನಿಜ, ಮುಂದಿನದನ್ನೂ ನೋಡಿಕೊಡುತ್ತೀರಾ?

ಅಂದಿನಿಂದ ಅವಳದು ಒಂದೇ ರೀತಿ. ವೋಲ್ಟೇಜನ್ನು ಕೂದಲೆಳೆಯಷ್ಟು ಇಳಿಸುವುದು, ಯಂತ್ರ ಎಲ್ಲಿ ಕೆಲಸ ನಿಲ್ಲಿಸಿ ಬೀಳುತ್ತದೆ ನೋಡುವುದು, ಬಿದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಹೆಜ್ಜೆ ಮೇಲೆ ಬರುವುದು. "ಚೆನ್ನಾಗಿರೋದನ್ನ ಬೇಕಂತ ಬೀಳಿಸ್ತೀಯಲ್ಲ ಬೇಟಾ, ನನ್ನ ಗಿರಾಕಿಗಳ ಕಣ್ಣಿಗೆ ಬೀಳಬೇಡ," ಎಂದು ಬುಡನ್‌ಸಾಬ್ ನಗುತ್ತಿದ್ದರು.

ಈ ಮಾರ್ಚಿನಲ್ಲಿ ಬಂದ ಹೊಸ ಫರ್ಮ್‌ವೇರ್ ಮಣೆಯ ಮೇಲೆ ಮೂರು ವಾರ ಒಮ್ಮೆಯೂ ತಪ್ಪಲಿಲ್ಲ. ಆ ಧೈರ್ಯದಲ್ಲೇ ನುಜಹತ್ ತನ್ನ ನಿಯಮವೊಂದನ್ನು ಮುರಿದಳು. ಜಗಳೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಮಾಲತೇಶ್‌ನ ಬಳಿ ಅದೇ ಬೋರ್ಡ್ ಇತ್ತು. ಮದುವೆ ವಿಡಿಯೊ ಮಿಕ್ಸಿಂಗ್ ಬೇಗ ಆಗಬೇಕೆಂದು ಅವನು ಕೇಳಿದ್ದ. ಗಿರಾಕಿಯ ಯಂತ್ರದ ಮೇಲೆ ಪರೀಕ್ಷೆ ಮಾಡಬಾರದು ಎಂದುಕೊಂಡಿದ್ದವಳು ಅವನದಕ್ಕೆ ಆ ಹೊಸ ಫರ್ಮ್‌ವೇರನ್ನೇ ಹಾಕಿಬಂದಳು. ಹತ್ತು ದಿನದಲ್ಲಿ ಅದು ಆರು ಸಲ ಹೆಪ್ಪುಗಟ್ಟಿದಂತೆ ನಿಂತಿತು.

ಅಷ್ಟರಲ್ಲಿ ಕಂಪನಿಯ ಪತ್ರ ಬಂತು. ಮೂವತ್ತೊಂಬತ್ತು ಜನ 'ಸರಿಯಿದೆ' ಎಂದಿದ್ದಾರೆ, ನಿಮ್ಮದೊಂದೇ ಬಾಕಿ, ಶನಿವಾರ ಸಂಜೆಯೊಳಗೆ ಹೇಳಿ. ಅವಳು ಹೂಂ ಎಂದರೆ ಅದು ಜಗತ್ತಿನ ಎಲ್ಲ ಬೋರ್ಡುಗಳಿಗೂ ಹೋಗುತ್ತದೆ. ಇಲ್ಲ ಎನ್ನಬೇಕಾದರೆ ಕಾರಣ ಬೇಕು. ಮಣೆಯ ಮೇಲೆ ಸರಿಯಾಗಿ ಓಡುವುದು ಜಗಳೂರಿನಲ್ಲಿ ಯಾಕೆ ನಿಲ್ಲುತ್ತದೆ?

"ಲೈನಿಂದೇ," ಎಂದರು ಬುಡನ್‌ಸಾಬ್. "ಆ ಕಡೆ ವೋಲ್ಟೇಜು ಏಳೋದು ಬೀಳೋದು. ಸ್ಟೆಬಿಲೈಜರ್ ತಗಂಡು ಹೋಗು."

ಹೊತ್ತುಕೊಂಡು ಹೋದಳು. ಮೂರು ತಾಸು ಕೂತರೂ ಯಂತ್ರ ನಿಲ್ಲಲಿಲ್ಲ.

"ನೀವು ಬಂದ್ರೆ ಸಾಕು ನೋಡ್ರಿ ಅಕ್ಕಾರೆ, ಹೆದರ್ಕಂಡು ಕೆಲ್ಸ ಮಾಡ್ತೈತೆ," ಎಂದ ಮಾಲತೇಶ್. ವಾಪಸಾಗುವಾಗ ಬಸ್ಸು ದಾವಣಗೆರೆ ಮುಟ್ಟುವ ಮೊದಲೇ ಅವನ ಫೋನ್ ಬಂತು. ಮತ್ತೆ ನಿಂತಿದೆ. ಇನ್ನೊಮ್ಮೆ ಹೋಗಿ ಮೆಮೊರಿ ಕಡ್ಡಿಗಳನ್ನೇ ಬದಲಿಸಿದಳು. ಅವಳ ಎದುರು ಚೆನ್ನಾಗಿ ನಡೆಯಿತು, ಮರುದಿನ ನಿಂತಿತು.

ಶನಿವಾರ ಬೆಳಿಗ್ಗೆ ಮಾಲತೇಶ್ ಮದುವೆಯೊಂದರ ಕೆಲಸದಲ್ಲಿದ್ದ, ಫೋನ್ ಎತ್ತಲಿಲ್ಲ. ನುಜಹತ್ ಹೇಳದೆಯೇ ಬಸ್ಸು ಹತ್ತಿದಳು. ಹತ್ತು ಗಂಟೆಗೆ ಸ್ಟುಡಿಯೊದ ಒಳಗೆ ಕಾಲಿಟ್ಟವಳು ಹಾಗೇ ನಿಂತಳು.

ಕಂಪ್ಯೂಟರ್ ಬಟ್ಟೆ ಉಟ್ಟಿತ್ತು. ಹಸಿರು ದಪ್ಪ ಬಟ್ಟೆಯ ಗವಸು, ಅಂಚಿಗೆ ಕೆಂಪು ನೆರಿಗೆ, ಗುಂಡಿ ಒತ್ತಲು ಮುಂದೊಂದು ದುಂಡನೆಯ ಕಿಂಡಿ. ಒಳಗೆ ಯಂತ್ರ ಗುಂಯ್ ಎನ್ನುತ್ತಿತ್ತು.

ಮಾಲತೇಶ್‌ನ ತಾಯಿ ತಿಪ್ಪಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ಅಯ್ಯ ತಾಯಿ, ಹೇಳ್ದೆ ಬಂದ್ರಲ್ಲ! ಮೊದ್ಲೇ ಗೊತ್ತಿದ್ರೆ ತೊಳೆದು ಹಾಕ್ತಿದ್ದೆ. ಕೊಳೆ ಆಗೈತೆ ನೋಡ್ರಿ." ಹೇಳುತ್ತಲೇ ಗವಸಿಗೆ ಕೈ ಹಾಕಿದರು.

"ತೆಗಿಬೇಡ್ರಿ!" ನುಜಹತ್ ಕೂಗಿದ ರೀತಿಗೆ ತಿಪ್ಪಮ್ಮ ಬೆಚ್ಚಿದರು. "ತಿಪ್ಪಮ್ಮಾರೆ, ಹೋದ ಸಲ ನಾನು ಬಂದಾಗ ಇದು ಎಲ್ಲಿತ್ತು?"

"ಹಿತ್ಲಲ್ಲಿ ಒಣಗ್ತಿತ್ತು. ಮೇಡಂ ಬರ್ತಾರೆ ಅಂತ ಮಗ ಹೇಳಿದ್ನಲ್ಲ, ಬೆಳಿಗ್ಗೆನೇ ಒಗೆದು ಹಾಕಿದ್ದೆ. ಅದಕ್ಕೆ ಮುಂಚೆ ಬಂದಾಗ್ಲೂ ಹಂಗೇ. ನಾಲ್ಕು ಜನ ಬರೋ ಜಾಗ, ನಾವೇನು ಕೊಳಕರಾ?"

ನುಜಹತ್ ಮುಂಗೈಯನ್ನು ಗವಸಿನ ನೆತ್ತಿಗೆ ತಾಗಿಸಿದಳು. ಆಗಷ್ಟೇ ರೊಟ್ಟಿ ತುಂಬಿಟ್ಟ ಬುಟ್ಟಿಯ ಹಾಗೆ ಬೆಚ್ಚಗಿತ್ತು.

"ಇದನ್ನ ಹೊಲಿದು ಎಷ್ಟು ದಿನ ಆತು?"

"ಮಗ ಕಂಪ್ಯೂಟರ್ ತಂದ ವಾರಕ್ಕೇ ಹೊಲಿದೆ. ವರ್ಷ ಆತು. ಹಿಂದಿನ ಬೀದೀಲಿ ಮೆಕ್ಕೆಜೋಳದ ಮಿಷನ್ ಐತೆ ಕಣ್ರಿ, ಧೂಳು ಅನ್ನದಾಗೂ ಬೀಳ್ತೈತೆ."

ವರ್ಷ! ಹೊಸ ಫರ್ಮ್‌ವೇರ್ ಹಾಕುವವರೆಗೂ ಈ ಗವಸಿನೊಳಗೇ ಯಂತ್ರ ಒಮ್ಮೆಯೂ ನಿಂತಿರಲಿಲ್ಲ. ಹಾಗಾದರೆ ತಪ್ಪು ಬಟ್ಟೆಯದೊಂದೇ ಅಲ್ಲ. ನುಜಹತ್ ಕುರ್ಚಿ ಎಳೆದುಕೊಂಡು ನೋಟ್‌ಬುಕ್ ತೆರೆದಳು.

ಹೊಸ ಫರ್ಮ್‌ವೇರ್, ಗವಸು ಹೊದಿಸಿ: ಮೂವತ್ತೆಂಟು ನಿಮಿಷಕ್ಕೆ ನಿಂತಿತು. ಹಳೆಯದನ್ನು ಮರಳಿ ಹಾಕಿ, ಗವಸು ಹೊದಿಸಿ: ಎರಡು ತಾಸು ಓಡಿತು. ಎರಡೂ ಫರ್ಮ್‌ವೇರ್‌ಗಳ ವೋಲ್ಟೇಜ್ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದಳು. ಹಳೆಯದು ಮೆಮೊರಿಗೆ 1.35 ವೋಲ್ಟ್ ಕೊಡುತ್ತಿತ್ತು. ಹೊಸದು ವೇಗಕ್ಕಾಗಿ ತಾನಾಗಿಯೇ 1.40 ಕೊಡುತ್ತಿತ್ತು. ಅದರಿಂದ ಏಳುವ ಚಿಟಿಕೆಯಷ್ಟು ಹೆಚ್ಚಿನ ಬಿಸಿ, ಮಣೆಯ ಮೇಲೆ ಫ್ಯಾನಿನ ಗಾಳಿಗೆ ಹಾರಿಹೋಗುತ್ತಿತ್ತು. ಇಲ್ಲಿ ಬಟ್ಟೆಯೊಳಗೆ ಕೂತು ಮೆಮೊರಿಯ ಲೆಕ್ಕ ತಪ್ಪಿಸುತ್ತಿತ್ತು.

ಮತ್ತೆ ಹೊಸದನ್ನು ಹಾಕಿ ಕೈಯಿಂದಲೇ ಇಳಿಸತೊಡಗಿದಳು. 1.37ಕ್ಕೂ ನಿಂತಿತು. 1.35ಕ್ಕೆ ತಂದು, ವೇಗವನ್ನೂ ಒಂದು ಮೆಟ್ಟಿಲು ಇಳಿಸಿದ ಮೇಲೆ ಸಲೀಸಾಗಿ ಓಡಿತು. ಅದು ಓಡುತ್ತಿರುವಾಗಲೇ ಮಾಲತೇಶ್ ಕ್ಯಾಮೆರಾ ಚೀಲ ಹೊತ್ತು ಬಂದ. ವಿಷಯ ಕೇಳಿ ತಾಯಿಯ ಕಡೆ ತಿರುಗಿದ. "ಅವ್ವಾ, ನಿನ್ನ ಗವಸಿಗೆ ಅಕ್ಕಾರು ಮೂರು ಸಲ ಬಸ್ ಚಾರ್ಜ್ ಕೊಟ್ರಲ್ಲ!"

ತಿಪ್ಪಮ್ಮನ ಮುಖ ಸಣ್ಣದಾಯಿತು. "ತೆಗೆದ್ರೆ ಸರಿಹೋಗ್ತೈತಾ ತಾಯಿ? ತೆಗೆದು ಇಡ್ತೀನಿ ಬಿಡ್ರಿ."

ತೆಗೆದರೆ ಸರಿಹೋಗುತ್ತಿತ್ತು. ಗವಸು ತೆಗೆದಿಡಿ ಎಂದು ಒಂದು ಮಾತು ಹೇಳಿ, ಕಂಪನಿಗೆ ಹೂಂ ಎಂದು ಬರೆದರೆ ಇಂದಿಗೇ ಮುಗಿಯುತ್ತಿತ್ತು. ನುಜಹತ್ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದಳು. ಬೆರಳು ಹಳದಿಯಾಯಿತು. ಎಂದೋ ಹೋಗಿದ್ದಾಗ ಕಂಡಂತೆ, ಹೊನ್ನಾಳಿಯ ಫ್ಲೆಕ್ಸ್ ಅಂಗಡಿಯವರು ಯಂತ್ರಕ್ಕೆ ಹಳೆಯ ಬ್ಯಾನರ್ ಹೊದಿಸಿರುತ್ತಿದ್ದುದು, ನ್ಯಾಮತಿಯಲ್ಲಿ ಝೆರಾಕ್ಸ್ ಅಂಗಡಿಯ ಕಸ್ತೂರಮ್ಮ ಟವೆಲ್ ಹೊದಿಸಿರುತ್ತಿದ್ದುದು ನೆನಪಾಯಿತು. ತನ್ನ ಬಳಿಗೆ ಬರುವಾಗ ಅವೆಲ್ಲ ಬರಿಮೈಯಲ್ಲೇ ಬಂದಿದ್ದವು.

"ಬ್ಯಾಡ್ರಿ, ಇರಲಿ. ಧೂಳಿಗೆ ಬೇಕಲ್ಲ," ಎಂದಳು.

ಸಂಜೆಯ ಬಸ್ಸಿನಲ್ಲಿ ಕೂತು ವರದಿ ಬರೆದಳು. 'ಸರಿಯಿಲ್ಲ' ಎಂದು ಗುರುತು ಹಾಕಿದಳು. ಪರೀಕ್ಷೆಯ ಪರಿಸರ ಎಂಬ ಕಡೆ ಹೀಗೆ ಬರೆದಳು: ದಪ್ಪ ಹತ್ತಿ ಬಟ್ಟೆಯ ಗವಸು, ಎರಡು ಪದರ, ಮೇಲೂ ಪಕ್ಕಕ್ಕೂ ಮುಚ್ಚಿದೆ. ನಮ್ಮ ಕಡೆ ಯಂತ್ರಗಳು ಹೀಗೆಯೇ ಇರುತ್ತವೆ. ಇದನ್ನು ನಾನು ಮೊದಲೇ ನೋಡಬೇಕಿತ್ತು.

ಮೂವತ್ತೊಂಬತ್ತು ಜನ ಬಟ್ಟೆಯ ಮಾತಿಗೆ ನಗಬಹುದು. ಆದರೂ ಕಳಿಸಿದಳು.

ಸೋಮವಾರ ಉತ್ತರ ಬಂತು. ಬಿಡುಗಡೆಯನ್ನು ತಡೆದಿದ್ದೇವೆ. ಗವಸು ಮತ್ತು ಪೆಟ್ಟಿಗೆಯ ನಡುವೆ ಎಷ್ಟು ಬೆರಳು ಜಾಗವಿದೆ? ಮುಂದಿನ ಆವೃತ್ತಿಯನ್ನು ನೀವು ಗವಸು ಹೊದಿಸಿಯೇ ನೋಡಬಹುದೇ?

ನುಜಹತ್ ತಿಪ್ಪಮ್ಮನಿಗೆ ಫೋನ್ ಮಾಡಿದಳು. "ಅಂಥದ್ದೇ ಇನ್ನೊಂದು ಹೊಲಿದುಕೊಡ್ರಿ ತಿಪ್ಪಮ್ಮಾರೆ, ನನ್ನದಕ್ಕೆ."

"ಅದಕ್ಕೇನಂತೆ! ಅಳತೆ ಹೇಳ್ರಿ."

"ನಂದು ಮಣೆ ಮ್ಯಾಲೆ ಐತೆ. ಪೆಟ್ಟಿಗೆ ಇಲ್ಲ."

"ಪೆಟ್ಟಿಗೆ ಇಲ್ದಿದ್ದಕ್ಕೆ ಗವಸು ಹೆಂಗೆ ಹೊಲೀಲಿ ತಾಯಿ? ಮೊದ್ಲು ಅದಕ್ಕೊಂದು ಮನೆ ಮಾಡ್ರಿ."

ನುಜಹತ್ ಅಟ್ಟದಿಂದ ಹಳೆಯ ಕ್ಯಾಬಿನೆಟ್ ಒಂದನ್ನು ಇಳಿಸಿ ಧೂಳು ಕೊಡವಿದಳು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಬೋರ್ಡನ್ನು ಮಣೆಯಿಂದ ಎತ್ತಿ ಒಳಗಿಟ್ಟು ಸ್ಕ್ರೂ ಬಿಗಿದಳು. ಆಮೇಲೆ ಗೇಣು ಹಾಕಿ ಅಳೆದು ಫೋನಿನಲ್ಲಿ ಹೇಳಿದಳು: "ಉದ್ದ ಎರಡು ಗೇಣು, ಅಗಲ ಒಂದು ಗೇಣು, ಎತ್ತರ ಎರಡು ಗೇಣು ನಾಲ್ಕು ಬೆರಳು."

"ನೆರಿಗೆ ಬೇಕಾ?" ಎಂದು ಕೇಳಿದರು ತಿಪ್ಪಮ್ಮ.

"ಬೇಕ್ರಿ. ನಿಮ್ಮದ್ರಾಗೆ ಹೆಂಗೈತೋ ಹಂಗೇ ಇರಲಿ."