ಲೇಸರ್ ಮೇಜಿಗೆ ಆಯುಧಪೂಜೆ

ವಿಜಯದಶಮಿಯ ಮರುದಿನ ನನ್ನ ತಂಗಿ ಶೈಲಾ ಲ್ಯಾಬ್‌ನಿಂದ ಫೋನ್ ಮಾಡಿದಳು. "ಅಣ್ಣ, ನನ್ನ ಕನ್ನಡಿಗೆಲ್ಲ ಕುಂಕುಮ ಇಟ್ಬುಟ್ಟಿದ್ದಾರೆ ಕಣೋ!"

ಒರೆಸಿದರಾಯಿತು ಬಿಡು ಅಂದೆ. ಆ ಕಡೆ ಅಳು ಶುರುವಾಯಿತು. ಸರಸ್ವತಿಪುರಂನಿಂದ ಆಟೋ ಹಿಡಿದು ಓಡಿದೆ.

ಅವಳು ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಲೇಸರ್ ಬೆಳಕನ್ನು ಒಂದು ಹರಳಿನ ಮೂಲಕ ಹಾಯಿಸಿದರೆ, ಅಪರೂಪಕ್ಕೆ ಒಂದು ಬೆಳಕಿನ ಕಣ ಒಡೆದು ಎರಡಾಗುತ್ತದಂತೆ. ಎಷ್ಟೇ ದೂರ ಒಯ್ದರೂ ಆ ಎರಡರ ನಂಟು ಬಿಡುವುದಿಲ್ಲವಂತೆ. (ನಮ್ಮ ನೆಂಟರಲ್ಲಿ ಇಷ್ಟು ನಿಷ್ಠೆ ನಾನು ಕಂಡಿಲ್ಲ.) ಮುಂದಿನ ಕಾಲದ ಕ್ವಾಂಟಮ್ ಕಂಪ್ಯೂಟರ್‌ಗೆ ಈ ನಂಟೇ ಬಂಡವಾಳ. ಆದರೆ ಎರಡು ಕಣ ಸಾಲದು. ನಾಲ್ಕು, ಎಂಟು, ನೂರು ಬೇಕು. ತಲೆನೋವು ಇರುವುದೇ ಅಲ್ಲಿ. ಎರಡು ಜೋಡಿಗಳಿಂದ ಒಂದೊಂದು ಕಣ ಒಂದೇ ಕನ್ನಡಿಗೆ, ಒಂದೇ ಕ್ಷಣಕ್ಕೆ ಬಂದು ಸೇರಿದರಷ್ಟೇ ನಾಲ್ಕೂ ಹೆಣೆದುಕೊಳ್ಳುವುದು. ಕೂದಲೆಳೆಯಷ್ಟು ಆಚೀಚೆಯಾದರೂ ಕೆಟ್ಟಿತು. ಮದುವೆಮನೆಯಲ್ಲಿ ಭಾವಂದಿರನ್ನೆಲ್ಲ ಒಂದೇ ಫೋಟೋಕ್ಕೆ ನಿಲ್ಲಿಸಿದವರಿಗೆ ಈ ಕಷ್ಟ ಅರ್ಥವಾದೀತು.

ಕನ್ನಡಿಗಳನ್ನು ಹೊಂದಿಸಲು ಅವಳಿಗೆ ವರ್ಷವೇ ಹಿಡಿದಿತ್ತು. ಹಬ್ಬಕ್ಕೆ ಮುಂಚೆ ನಾಲ್ಕು ಕಣ ಒಟ್ಟಿಗೆ ಸಿಕ್ಕವೆಂದು ಮನೆಯವರಿಗೆಲ್ಲ ಮೈಸೂರು ಪಾಕ್ ಹಂಚಿದ್ದಳು. ಇನ್ನು ಅಳತೆ ತೆಗೆದರೆ ಥೀಸಿಸ್ ಮುಗಿದಂತೆ. ತಿಂಗಳ ಕೊನೆಗೆ ಅವಳ ಫೆಲೋಶಿಪ್ಪೂ ಮುಗಿಯುತ್ತದೆ.

ಹೋಗಿ ನೋಡಿದರೆ ಮೇಜಿನ ಕಾಲಿಗೆ ಬಾಳೆಕಂದು, ಲೇಸರ್‌ಗೆ ಚೆಂಡುಹೂವಿನ ಹಾರ. ಕನ್ನಡಿಗಳನ್ನೆಲ್ಲ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಅಂದವಾಗಿ ಸಾಲಾಗಿ ಜೋಡಿಸಿದ್ದಾರೆ.

ಯಾರ ಕೆಲಸ? ಖುದ್ದು ವಿಭಾಗದ ಮುಖ್ಯಸ್ಥರದು. ಫಿಸಿಕ್ಸ್ ಪ್ರೊಫೆಸರ್, ಸ್ವಾಮಿ!

"ಪ್ರತಿ ವರ್ಷ ಎಲ್ಲಾ ಮೆಷಿನ್‌ಗೂ ಮಾಡ್ತೀವಿ ಕಣಮ್ಮ. ನಿನ್ನ ಮೇಜೊಂದನ್ನೇ ಬುಟ್ರೆ ನಿಂಗೇ ಬೇಜಾರಾಗಲ್ವಾ?" ಎಂದು ನಗುತ್ತಾ ಇಬ್ಬರಿಗೂ ಪ್ರಸಾದ ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು.

ಆಯುಧಪೂಜೆಗೆ ನನ್ನ ತಕರಾರಿಲ್ಲ. ನನ್ನ ಸ್ಕೂಟರನ್ನೂ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದೇನೆ. ಆದರೆ ಪೂಜೆ ಮಾಡಬೇಕೆಂದು ಅದರ ಎಂಜಿನ್ ಬಿಚ್ಚಿ ತೊಳೆಯುತ್ತೇವೆಯೇ? ಮುಟ್ಟುವ ಮುಂಚೆ ಅವಳನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಶೈಲಾ ಕಣ್ಣೊರೆಸಿಕೊಂಡು ಹೇಳಿದಳು: "ಸಾರ್, ಮತ್ತೆ ಹೊಂದಿಸೋಕೆ ಆರು ತಿಂಗಳಾದ್ರೂ ಬೇಕು. ಫೆಲೋಶಿಪ್ ಮುಂದುವರಿಸೋಕೆ ನೀವೊಂದು ಶಿಫಾರಸು ಮಾಡಿ."

ಅವರ ನಗು ನಿಂತಿತು. "ಅದಕ್ಕೆ ರೂಲ್ಸ್‌ನಲ್ಲಿ ಅವಕಾಶ ಇಲ್ವಲ್ಲಮ್ಮ."

ಕನ್ನಡಿಗೆ ಕುಂಕುಮ ಇಡಲು ಯಾವ ರೂಲ್ಸ್‌ನಲ್ಲಿ ಅವಕಾಶ ಇತ್ತು, ಸಾರ್?