ಕ್ಲಾರಿನೆಟ್ ಹಾರಿಸಿದ ನಾಲ್ಕು ಸ್ವರ

ರಾಣೆಬೆನ್ನೂರಿನ ನಮ್ಮ ಮನೆ ಮುಂದೆ ಮದುಮಗನ ಮೆರವಣಿಗೆ ಬಂದಾಗ ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ಬ್ಯಾಂಡಿನ ಕ್ಲಾರಿನೆಟ್‌ನಿಂದ ಹೊಮ್ಮುತ್ತಿದ್ದದ್ದು, ಕಾಲೇಜಿನಲ್ಲಿ ನಾನು ಕ್ಯಾಸೆಟ್ ಸವೆಯುವಷ್ಟು ಕೇಳಿದ್ದ ಇಂಗ್ಲಿಷ್ ರಾಕ್ ಹಾಡೊಂದರ ಗಿಟಾರ್ ವಾದನ! ಬಾಯಿ ಕೂಡ ತೊಳೆಯದೆ ಬೆನ್ನತ್ತಿದೆ. ಒಂದೊಂದು ಸ್ವರವೂ ಸರಿಯಾಗಿತ್ತು. ನಡುವೆ ಒಂದು ಕಡೆ ಮಾತ್ರ ನಾಲ್ಕು ಸ್ವರ ಬಿಟ್ಟು, ಇಡೀ ಬ್ಯಾಂಡು ಒಟ್ಟಿಗೇ ಮುಂದಕ್ಕೆ ಜಿಗಿಯಿತು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಕ್ಲಾರಿನೆಟ್ ವಾದಕರನ್ನು ಮಾತಾಡಿಸಿದೆ. ಬ್ಯಾಡಗಿಯ ಖಾದರ್‌ಸಾಬರು. ಅವರ ತಂದೆ, ಯಾರೋ ಕೊಟ್ಟ ಹಳೆಯ ಕ್ಯಾಸೆಟ್ಟನ್ನು ಕೇಳಿ ಕೇಳಿ ಈ ಹಾಡು ಕಲಿತು, ಮಗನಿಗೂ ಕಲಿಸಿದ್ದರಂತೆ. ನಾನು ದೊಡ್ಡ ತಿಳಿದವನಂತೆ, "ನಡುವ ಒಂಚೂರು ಬಿಟ್ರೆಲ್ರೀ?" ಎಂದೆ.

ಅವರು ನಕ್ಕರು. "ಅಲ್ಲಿ ರೀಲ್ ಹರದಿತ್ರೀ. ನಮ್ಮಪ್ಪ ಕತ್ತರಿಸಿ ಅಂಟಿಸಿದ್ದ, ಹಂಗ ಕಲ್ತ. ಖರೇ ಹಾಡು ಈಗ ಮೊಬೈಲ್‌ನ್ಯಾಗ ಕೇಳೇನಿ, ಪೂರಾ ಊದಾಕ ಬರ್ತೈತಿ. ಆದ್ರ ಅಪ್ಪ ಅಂಟಿಸಿದ್ದನ್ನ ನಾ ಹೆಂಗ ಬಿಚ್ಚಲಿರೀ?"

ತುಟಿಯಂಚಿನಲ್ಲಿ ಒಣಗಿದ್ದ ಪೇಸ್ಟ್ ಒರೆಸಿಕೊಂಡು ಕೈಮುಗಿದೆ.

ಮನೆಗೆ ಬಂದವನೇ ಮೂಲ ಹಾಡು ಹಾಕಿದೆ. ಎಷ್ಟೋ ವರ್ಷಗಳಿಂದ ಬಾಯಿಪಾಠವಾಗಿದ್ದ ಹಾಡು. ಆ ಜಾಗ ಬಂದಾಗ ಗುನುಗುತ್ತಿದ್ದ ನಾನು, ಬ್ಯಾಂಡಿನವರಂತೆಯೇ ಮುಂದಕ್ಕೆ ಹಾರಿಬಿಟ್ಟಿದ್ದೆ. ಆ ಜಗತ್ಪ್ರಸಿದ್ಧ ಗಿಟಾರ್ ವಾದಕ ಹಿಂದೆ ಉಳಿದಿದ್ದ.