ಮಗ್ಗ ನಿಂತ ಹೊತ್ತು

ನನ್ನ ಗಂಟಲು ದೊಡ್ಡದು. ಬ್ಯಾಂಕಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದೇನೆ ಅಂದುಕೊಂಡೇ ಮಾತಾಡುತ್ತೇನೆ, ಆದರೂ ಬಾಗಿಲ ಬಳಿ ಕೂತವರು ತಿರುಗಿ ನೋಡುತ್ತಾರೆ. ಬೆಂಗಳೂರಿಗೆ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ದೊಡ್ಡಬಳ್ಳಾಪುರದೋರಾ?" ಹೌದು ಅನ್ನುತ್ತೇನೆ. ಅದನ್ನೂ ಜೋರಾಗಿಯೇ ಅನ್ನುತ್ತೇನೆ.

ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಬಂದವಳು ನಾನು. ಪವರ್‌ಲೂಮ್ ಓಡುವಾಗ ಒಂದು ಚಿಟಿಕೆ ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ಜಗಳಕ್ಕೂ ಅದೇ ದನಿ, ಮುದ್ದಿಗೂ ಅದೇ ದನಿ. ಹೊರಗಿನವರು ಬಂದರೆ ಈ ಬೀದಿಯಲ್ಲಿ ಬೆಳಗಿನಿಂದ ಕಿತ್ತಾಟ ನಡೆಯುತ್ತಿದೆ ಅಂದುಕೊಳ್ಳುತ್ತಾರೆ. ನಾವು ಇವತ್ತು ಏನು ಸಾರು ಅಂತ ವಿಚಾರಿಸಿಕೊಳ್ಳುತ್ತಿರುತ್ತೇವೆ, ಅಷ್ಟೇ.

ಈಗ ಎಲ್ಲಿ ನೋಡಿದರೂ ನೆಮ್ಮದಿಯದೇ ಮಾತು. ಮೊಬೈಲು ತೆರೆದರೆ ಒಬ್ಬರಲ್ಲ ಒಬ್ಬರು ಕಣ್ಣು ಮುಚ್ಚಿ ಮೌನವಾಗಿ ಕೂರಿ, ಸುಖ ಅಲ್ಲೇ ಇದೆ ಅನ್ನುತ್ತಿರುತ್ತಾರೆ. ಅವರಿಗೆ ಸಿಕ್ಕಿದ್ದರೆ ಸಂತೋಷ, ನನ್ನದೇನೂ ತಕರಾರಿಲ್ಲ. ನನಗೆ ಮಾತ್ರ ಸದ್ದಿದ್ದರೇ ನೆಮ್ಮದಿ. ಮಗ್ಗ ಓಡುತ್ತಿದೆ ಅಂದರೆ ಮನೆಯವರೆಲ್ಲ ಚೆನ್ನಾಗಿದ್ದಾರೆ, ಒಲೆಯ ಮೇಲೆ ಅನ್ನ ಬೇಯುತ್ತಿದೆ ಅಂತ ಅರ್ಥ. ಹೀಗಂದರೆ ಜನ ನಗುತ್ತಾರೆ. ನಗಲಿ. ನನ್ನ ಕಡೆ ಒಂದು ಗಟ್ಟಿ ಸಾಕ್ಷಿ ಇದೆ, ಅದು ನನ್ನ ಮೊಮ್ಮಗಳು.

ಮಗಳನ್ನು ಬೂದಿಗೆರೆ ಕಡೆಗೆ ಕೊಟ್ಟಿದ್ದೇವೆ. ಬೀಗರು ನಮ್ಮವರೇ, ಆದರೆ ಅವರ ಮನೆಯಲ್ಲಿ ಮಗ್ಗ ಬಿಟ್ಟು ಎಷ್ಟೋ ಕಾಲವಾಗಿದೆ. ಹೊಸ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಇರುತ್ತಾರೆ. ಫ್ರಿಜ್ಜು ಗುಂಯ್‌ಗುಡುವುದೂ ಕೇಳಿಸುವಷ್ಟು ನಿಶ್ಶಬ್ದ. ಅಲ್ಲಿ ತಟ್ಟೆಯ ಮೇಲೆ ಚಮಚ ಇಡಲೂ ನನಗೆ ಮುಜುಗರ. ಬೀಗಿತ್ತಿ ಒಳ್ಳೆಯವರು, ಅವರ ಮಾತು ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ.

ಮಗಳ ಸೀಮಂತದ ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದರು. "ತಪ್ಪು ತಿಳ್ಕೋಬೇಡಿ ಬೀಗ್ರೇ, ಬಾಣಂತನ ನಮ್ಮಲ್ಲೇ ಮಾಡ್ತೀವಿ. ಆ ಮಗ್ಗದ ಸದ್ದಲ್ಲಿ ಹಸುಗೂಸು ಹೆಂಗೆ ಮಲಗುತ್ತೆ ಹೇಳಿ?"

ಚೊಚ್ಚಲ ಬಾಣಂತನ ತವರಿನದು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀದಿಯವರು ಆಡಿಕೊಳ್ಳುತ್ತಾರೆ ಅನ್ನುವುದು ದೊಡ್ಡ ಮಾತಲ್ಲ, ಎರಡು ದಿನ ಆಡಿ ಸುಮ್ಮನಾಗುತ್ತಾರೆ. ನನ್ನ ಸಂಕಟ ಬೇರೆ. ನಾನು ಮಗಳನ್ನು ಸಾಕಿದ ಮನೆ ಅವಳ ಮಗುವಿಗೆ ಲಾಯಕ್ಕಲ್ಲ ಅಂದಂತಾಯಿತಲ್ಲ. ನಮ್ಮ ಬದುಕನ್ನೇ ಒಬ್ಬರು ಮೆಲ್ಲನೆಯ ದನಿಯಲ್ಲಿ ಬೇಡ ಅಂದಂತೆ.

ಮಗಳೇ ಗಟ್ಟಿಯಾಗಿ ನಿಂತಳು. "ನಾನೂ ಅದೇ ಸದ್ದಲ್ಲೇ ಬೆಳ್ದಿದ್ದು ಅತ್ತೆ. ಅಮ್ಮನ ಮನೆಗೇ ಹೋಗ್ತೀನಿ."

ಕೊನೆಗೆ ಬೀಗಿತ್ತಿ ಒಂದು ಮಾತಿಗೆ ಒಪ್ಪಿದರು. ಹೆರಿಗೆಯಾದ ಮೇಲೆ ತಾವೇ ಬಂದು ನೋಡುವುದು, ಮಗುವಿಗೆ ಕಷ್ಟ ಅನ್ನಿಸಿದರೆ ಅವತ್ತೇ ತಾಯಿ ಮಗುವನ್ನು ಕರೆದುಕೊಂಡು ಹೋಗುವುದು. ಸರಿ ಅಂದೆ. ಇನ್ನೇನನ್ನಲಿ?

ಹೆಣ್ಣು ಮಗು ಹುಟ್ಟಿತು. ಡಾಕ್ಟರನ್ನು ಕೇಳಿಕೊಂಡೇ ಮನೆಗೆ ತಂದೆವು. ಮಗ್ಗಗಳು ಹಿಂದಿನ ಶೆಡ್ಡಿನಲ್ಲಿ, ಬಾಣಂತಿ ಮುಂದಿನ ಕೋಣೆಯಲ್ಲಿ, ನಡುವೆ ಅಡುಗೆಮನೆ, ಬಾಗಿಲು ಹಾಕಿದ್ದೇ. ಅಲ್ಲಿಗೆ ಸದ್ದು ಬರುವಷ್ಟು ಬರುತ್ತಿತ್ತು, ಮಗು ನಮ್ಮ ಮನೆಯಲ್ಲೇ ನೇಯ್ದ ಸೀರೆಯ ಜೋಲಿಯಲ್ಲಿ ಹಾಯಾಗಿ ಮಲಗುತ್ತಿತ್ತು. ಮಲಗದೆ ಏನು? ಸೀಮಂತ ಮುಗಿಸಿ ಮಗಳು ನಮ್ಮಲ್ಲಿಗೆ ಬಂದ ಏಳನೇ ತಿಂಗಳಿಂದ, ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಅದನ್ನೇ ಕೇಳಿಸಿಕೊಂಡಿತ್ತು.

ಬೀಗಿತ್ತಿ ಬರುವ ದಿನ ನನ್ನ ಯಜಮಾನರು ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. "ಅವ್ರು ಇರೋಗಂಟ ಮಗ್ಗ ನಿಲ್ಲಿಸ್ಬಿಡೋಣ ಕಣೇ," ಅಂದರು.

"ಯಾಕೆ? ನಾವೇನು ಕಳ್ಳತನ ಮಾಡ್ತಿದ್ದೀವಾ?"

"ಮಗಳು ಇಲ್ಲೇ ಇರ್ಬೇಕೋ ಬೇಡ್ವೋ? ಸುಮ್ನಿರು."

ಕಾರು ಬೀದಿಯ ತಿರುವಿಗೆ ಬಂದದ್ದೇ ತಡ, ಇವರು ಓಡಿಹೋಗಿ ಸ್ವಿಚ್ಚು ಎಳೆದುಬಿಟ್ಟರು. ನಮ್ಮ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

ಮೊದಲು ಎಚ್ಚರವಾದದ್ದು ಮಗುವಿಗೆ. ಕಣ್ಣು ಬಿಟ್ಟಿತು, ಮುಖ ಕಿವಿಚಿತು, ಮನೆ ಹಾರಿಹೋಗುವಂತೆ ಕಿರುಚಿತು. ಹಾಲು ಕೊಟ್ಟರೂ ಬೇಡ, ತೂಗಿದರೂ ಬೇಡ. ಅದೇ ಹೊತ್ತಿಗೆ ಬೀಗಿತ್ತಿ ಒಳಗೆ ಬಂದರು. ಕೈಕಾಲು ತೊಳೆದು ಮಗುವನ್ನು ಎತ್ತಿಕೊಂಡು, "ನೋಡಿ, ನಾನು ಹೇಳ್ಲಿಲ್ವಾ? ಪಾಪ, ನಿದ್ದೆ ಕಾಣ್ದೆ ಎಷ್ಟು ಒದ್ದಾಡ್ತಿದೆ," ಅಂದರು. ನಾನು ಯಜಮಾನರನ್ನು ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಅಷ್ಟರಲ್ಲಿ ಎದುರು ಮನೆಯ ಮಗ್ಗಗಳೂ ನಿಂತವು. ಆಮೇಲೆ ಪಕ್ಕದ ಮನೆಯವು. ನೋಡನೋಡುತ್ತಿದ್ದಂತೆ ಬೀದಿಗೆ ಬೀದಿಯೇ ಗಪ್‌ಚಿಪ್.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಒಂದು ಮಗ್ಗ ನಿಂತರೆ ಎಳೆ ಹರಿದಿದೆ, ಎಲ್ಲರದೂ ಒಟ್ಟಿಗೆ ನಿಂತರೆ ಕರೆಂಟು ಹೋಗಿದೆ. ಕರೆಂಟು ಇರುವಾಗ, ಹಾಡಹಗಲಲ್ಲಿ, ಒಂದೇ ಮನೆಯ ಮಗ್ಗಗಳೆಲ್ಲ ನಿಂತರೆ ಆ ಮನೆಯಲ್ಲಿ ಸಾವಾಗಿದೆ ಅಂತ. ಆಗ ಯಾರೂ ಯಾರಿಗೂ ಹೇಳಿಕಳಿಸುವುದಿಲ್ಲ. ಎಲ್ಲರೂ ತಮ್ಮ ಮಗ್ಗ ನಿಲ್ಲಿಸಿ ಬರುತ್ತಾರೆ, ಹೆಣ ಎತ್ತುವವರೆಗೂ ಬೀದಿಯಲ್ಲಿ ಒಂದು ಲಾಳಿಯೂ ಆಡುವುದಿಲ್ಲ.

ಎದುರು ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದೇಬಿಟ್ಟಳು. ಅವಳ ಹಿಂದೆ ಒಂದು ಗುಂಪು. ಯಾರೋ ಹೂವಿನ ಹಾರವನ್ನೂ ತಂದಿದ್ದರು. ನಮ್ಮತ್ತೆಗೆ ವಯಸ್ಸಾಗಿದೆ, ಆದ್ದರಿಂದ ಎಲ್ಲರೂ ಅವರೇ ಅಂದುಕೊಂಡಿದ್ದರು. ಅತ್ತೆಯೋ, ಜಗಲಿಯ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಯಾರೇ ಹೋಗಿದ್ದು?" ಅಂತ ಗಾಬರಿಯಿಂದ ಅವರೇ ಕೇಳಿದರು.

ಎದುರು ಮನೆಯಾಕೆ ಬಾಯಿ ಬಿಟ್ಟುಕೊಂಡು ನಿಂತಳು. "ನೀವೇ ಅಂದ್ಕೊಂಡ್ವಿ ಅಜ್ಜಿ."

"ನಾನು ಹೋಗೋದಿದ್ರೆ ನಿಂಗೆ ಹೇಳ್ದೆ ಹೋಗ್ತೀನೇನೇ?"

ಗುಂಪಿಗೆ ಗುಂಪೇ ನಕ್ಕಿತು. ನನಗೆ ನಗುವೂ ಬಂತು, ಅಳುವೂ ಬಂತು. ಬೀಗಿತ್ತಿ ಮಗುವನ್ನು ಎತ್ತಿಕೊಂಡೇ ಬಾಗಿಲಿಗೆ ಬಂದು, ಏನಾಯ್ತು ಅಂತ ಕೇಳಿದರು. ಮುಚ್ಚಿಟ್ಟು ಏನಾಗಬೇಕು? ಇದ್ದದ್ದು ಇದ್ದಂತೆ ಹೇಳಿದೆ. ನಿಮಗೆ ತೊಂದರೆಯಾಗಬಾರದು ಅಂತ ಮಗ್ಗ ನಿಲ್ಲಿಸಿದೆವು, ನಿಲ್ಲಿಸಿದ್ದಕ್ಕೇ ಮಗು ಎದ್ದಿದ್ದು, ನಿಲ್ಲಿಸಿದ್ದಕ್ಕೇ ಇವರೆಲ್ಲ ಬಂದಿದ್ದು ಅಂದೆ.

ಅವರು ಸ್ವಲ್ಪ ಹೊತ್ತು ಆ ಹಾರವನ್ನೇ ನೋಡಿದರು. "ಕೆಲಸ ಬಿಟ್ಟು ಇಷ್ಟು ಜನಾನೂ ಬಂದ್ರಾ?" ಅಂದರು. "ನಮ್ಮ ಎದುರು ಫ್ಲಾಟಲ್ಲಿ ಯಜಮಾನ್ರು ತೀರ್ಕೊಂಡಿದ್ದು ನಮ್ಗೆ ಗೊತ್ತಾಗೋ ಹೊತ್ಗೆ ತಿಥಿನೂ ಮುಗ್ದಿತ್ತು."

ಅತ್ತೆ ಅವರೆಸಿಪ್ಪೆ ಕೊಡವಿಕೊಂಡು ಎದ್ದು ಬೀದಿಗೆಲ್ಲ ಕೇಳುವಂತೆ ಕೂಗಿದರು. "ನಾನು ಬದ್ಕಿದೀನಿ ಕಣ್ರೋ, ಹೋಗಿ ಮಗ್ಗ ಹಾಕ್ರೋ!"

ಯಜಮಾನರು ಸ್ವಿಚ್ಚು ಹಾಕಿದರು. ಎದುರು ಮನೆಯವು ಶುರುವಾದವು, ಪಕ್ಕದವು ಶುರುವಾದವು. ಮಗು ಬಿಕ್ಕುವುದನ್ನು ಅರ್ಧಕ್ಕೇ ನಿಲ್ಲಿಸಿ, ಒಂದು ಸಲ ಆಕಳಿಸಿ, ಬೀಗಿತ್ತಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಅವರು ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದರು, ಆಗಲೂ ಇಲ್ಲ. ಆಮೇಲೆ ಆ ಮೆಲುದನಿಯ ಹೆಂಗಸು ಕೊರಳು ಉಬ್ಬಿಸಿ ಕೂಗಿದರು, "ಬಾಣಂತನ ಮುಗಿಯೋಗಂಟ ಇಲ್ಲೇ ಇರ್ಲಿ!"

ಅವತ್ತು ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ನಾನು ದೊಡ್ಡ ಓದು ಓದಿದವಳಲ್ಲ, ದೊಡ್ಡ ಊರು ಕಂಡವಳೂ ಅಲ್ಲ. ಆದರೆ ಈ ಲೋಕದಲ್ಲಿ ನನ್ನ ಜಾಗ ಯಾವುದು ಅಂತ ಕೇಳಿದರೆ ಕೈಮಾಡಿ ತೋರಿಸಬಲ್ಲೆ. ನನ್ನ ಮನೆಯ ಸದ್ದು ನಿಂತರೆ ಕೆಲಸ ಬಿಟ್ಟು ಓಡಿಬರುವ ಬೀದಿ ಅದು. ಇದಕ್ಕಿಂತ ಹೆಚ್ಚಿನ ಸುಖ ಇದ್ದರೂ ಇರಬಹುದು, ನಾನು ಹುಡುಕಲು ಹೋಗಿಲ್ಲ.

ಮೊಮ್ಮಗಳು ಈಗ ಬೂದಿಗೆರೆಯಲ್ಲಿದ್ದಾಳೆ, ಓಡಾಡುತ್ತಾಳೆ. ಮಧ್ಯಾಹ್ನ ಮಲಗಲು ಹಟ ಮಾಡಿದರೆ ಬೀಗಿತ್ತಿ ನನಗೆ ಫೋನ್ ಮಾಡುತ್ತಾರೆ. ನಾನು ಫೋನನ್ನು ಶೆಡ್ಡಿನ ಬಾಗಿಲ ಬಳಿ ಇಟ್ಟು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರುತ್ತೇನೆ. ಅಲ್ಲಿ ಅವಳು ಮಲಗುತ್ತಾಳೆ.

ಮೊನ್ನೆ ಹಾಗೆ ಇಟ್ಟಿದ್ದಾಗ ಮಗ್ಗಗಳೆಲ್ಲ ತಟಕ್ಕನೆ ನಿಂತವು. ನಾನಿನ್ನೂ ಎದ್ದಿರಲಿಲ್ಲ, ಫೋನಿನಿಂದ ಬೀಗಿತ್ತಿಯ ದನಿ ನಮ್ಮ ಬೀದಿಯ ಹೆಂಗಸರ ದನಿಯಷ್ಟೇ ಜೋರಾಗಿ ಬಂತು.

"ಬೀಗ್ರೇ! ಯಾಕೆ ನಿಂತೋಯ್ತು? ಅಜ್ಜಿ ಚೆನ್ನಾಗಿದ್ದಾರೆ ತಾನೇ? ಕಾರು ತೆಗೆಸ್ಲಾ?"

"ಕರೆಂಟು ಹೋಯ್ತು ಕಣ್ರೀ, ಅಷ್ಟೇ," ಅಂದೆ.